ಉತ್ತರ ಬರುವ ತನಕದ ದೂರ

ದೂರಶಿಕ್ಷಣಕ್ಕೆ ಕನ್ನಡದಲ್ಲಿ ಹಳೆಯದೊಂದು ಹೆಸರಿದೆ: ಅಂಚೆ ತೆರಪಿನ ಶಿಕ್ಷಣ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆಯ ಮೂಲಕ ಪಾಠ ಕಳಿಸುವ ವ್ಯವಸ್ಥೆ ಶುರುಮಾಡಿತು. ಆ ಕಾಲದ ಈ ಮಾತನ್ನು ಐವತ್ತು ದಾಟಿದವರ ಬಾಯಲ್ಲಿ ಈಗಲೂ ಕೇಳಬಹುದು. ತೆರಪು ಅಂದರೆ ಬಿಡುವು. ಎರಡರ ನಡುವೆ ಉಳಿದ ಖಾಲಿ ಜಾಗಕ್ಕೂ ತೆರಪು ಎಂದೇ ಹೆಸರು. ಹೆಸರಿಟ್ಟವರ ಮನಸ್ಸಿನಲ್ಲಿದ್ದದ್ದು ಬಹುಶಃ ಮೊದಲ ಅರ್ಥ: ದುಡಿಯುವವರು ಬಿಡುವಿನಲ್ಲಿ ಓದಲಿ ಎಂಬುದು. ಐವತ್ತೈದು ವರ್ಷಗಳ ನಂತರ ಅಂಚೆಯ ಜಾಗಕ್ಕೆ ಮೊಬೈಲ್ ಬಂದಿದೆ. ಎರಡನೆಯ ಅರ್ಥದ ತೆರಪು ಮಾತ್ರ ಹಾಗೇ ಉಳಿದಿದೆ.

ನಾನು ಜಿಲ್ಲಾ ಕೇಂದ್ರವೊಂದರ ದೂರಶಿಕ್ಷಣ ಅಧ್ಯಯನ ಕೇಂದ್ರದಲ್ಲಿ ಕೆಲವು ವರ್ಷಗಳಿಂದ ಅರ್ಥಶಾಸ್ತ್ರದ ಸಂಪರ್ಕ ತರಗತಿ, ಅಂದರೆ ಮುಖಾಮುಖಿ ಪಾಠ, ತೆಗೆದುಕೊಳ್ಳುತ್ತಿದ್ದೇನೆ. ನನ್ನ ಮುಂದೆ ಕೂರುವವರು ಪೊಲೀಸ್ ಕಾನ್‌ಸ್ಟೆಬಲ್‌ಗಳು, ಅಂಗನವಾಡಿ ಕಾರ್ಯಕರ್ತೆಯರು, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು, ಪಿಯುಸಿ ಮುಗಿಯುತ್ತಲೇ ಮದುವೆಯಾಗಿ ಹತ್ತು ವರ್ಷದ ಮೇಲೆ ಪುಸ್ತಕ ಹಿಡಿದ ಗೃಹಿಣಿಯರು. ಸಂಪರ್ಕ ತರಗತಿಗೆ ಬರಲು ಒಂದು ಭಾನುವಾರ ಹೊಂದಿಸುವುದೇ ಇವರಿಗೆ ಕಷ್ಟ. ಉಳಿದ ದಿನಗಳಲ್ಲಿ ಅವರಿಗೂ ನನಗೂ ಇರುವ ಸಂಬಂಧ ಫೋನಿನದೇ. ಹಾಗಾಗಿ ಆ ಫೋನನ್ನು ನಾವು ಹೇಗೆ ಬಳಸುತ್ತಿದ್ದೇವೆ ಎಂಬ ಪ್ರಶ್ನೆ ನನಗೆ ತಂತ್ರಜ್ಞಾನದ ಪ್ರಶ್ನೆಯಾಗಿ ಕಂಡೇ ಇಲ್ಲ. ಇವರಲ್ಲಿ ಎಷ್ಟು ಜನ ಪದವಿ ಮುಗಿಸುತ್ತಾರೆ ಎಂಬುದು ಅದರ ಮೇಲೆ ನಿಂತಿದೆ.

ಇದು ಸಣ್ಣ ಸಂಖ್ಯೆಯ ಮಾತೂ ಅಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2020–21ರಲ್ಲಿ ದೇಶದಲ್ಲಿ ದೂರಶಿಕ್ಷಣಕ್ಕೆ ಸೇರಿದ್ದವರು ಸುಮಾರು 45.7 ಲಕ್ಷ, ಅದರಲ್ಲಿ ಮಹಿಳೆಯರು 20 ಲಕ್ಷಕ್ಕೂ ಹೆಚ್ಚು. ಕಾಲೇಜು ಮಟ್ಟದಲ್ಲಿ ಓದುವ ಒಂಬತ್ತು ಹತ್ತು ಜನರಲ್ಲಿ ಒಬ್ಬರು ಹೀಗೆ ದೂರದಿಂದ ಓದುತ್ತಿದ್ದಾರೆ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಶಿಕ್ಷಣ ಶುರುಮಾಡಿತು, ಹೈದರಾಬಾದಿನಲ್ಲಿ 1982ರಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಬಂತು, 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ), 1996ರಲ್ಲಿ ಮೈಸೂರಿನ ಮುಕ್ತಗಂಗೋತ್ರಿಯಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಬಾಗಿಲು ತೆರೆಯುವ ಕೆಲಸವನ್ನು ಈ ಸಂಸ್ಥೆಗಳು ದೊಡ್ಡದಾಗಿಯೇ ಮಾಡಿವೆ. ಒಳಗೆ ಬಂದವರ ಜೊತೆ ಮಾತಾಡುವ ಕೆಲಸ ಅಷ್ಟು ಬೆಳೆಯಲಿಲ್ಲ.

ಅಮೆರಿಕದ ಶಿಕ್ಷಣ ಚಿಂತಕ ಮೈಕೆಲ್ ಮೂರ್ ಈ ವಿಷಯದಲ್ಲಿ ಹೇಳಿದ್ದು ಸರಳವಾಗಿದೆ, ಉಪಯುಕ್ತವೂ ಆಗಿದೆ. ದೂರಶಿಕ್ಷಣದಲ್ಲಿ ಪಾಠಕ್ಕೆ ಅಡ್ಡಬರುವ ದೂರ ಭೂಪಟದಲ್ಲಿ ಕಾಣುವಂಥದ್ದಲ್ಲ, ಕಲಿಸುವವರಿಗೂ ಕಲಿಯುವವರಿಗೂ ನಡುವೆ ಮಾತುಕತೆ ಕಡಿಮೆಯಾದಷ್ಟೂ ಅದು ಹಿಗ್ಗುತ್ತದೆ ಎಂದು ಅವರು ವಾದಿಸಿದರು. ಕಾಲೇಜಿನ ಕೋಣೆಯಲ್ಲೇ ಕೂತ ನೂರಿಪ್ಪತ್ತು ಮಕ್ಕಳಲ್ಲಿ ಹಿಂದಿನ ಬೆಂಚಿನವನು ವರ್ಷವಿಡೀ ದೂರವೇ ಉಳಿಯಬಹುದು. ಇನ್ನೂರು ಕಿಲೋಮೀಟರ್ ಆಚೆಯ ಹಳ್ಳಿಯವಳು ವಾರಕ್ಕೊಂದು ಪ್ರಶ್ನೆ ಕೇಳಿ ಉತ್ತರ ಪಡೆಯುತ್ತಿದ್ದರೆ ಅವಳು ಹತ್ತಿರದವಳು.

ನಾರ್ವೆಯ ಎನ್‌ಕೆಐ ಎಂಬ ಅಂಚೆ ಶಾಲೆಯಲ್ಲಿ ಟೋರ್‌ಸ್ಟೈನ್ ರೆಕೆಡಾಲ್ 1970ರ ದಶಕದಲ್ಲಿ ಮಾಡಿದ ಪ್ರಯೋಗವೊಂದು ಇದನ್ನೇ ತೋರಿಸಿತು. ಅವರು ಬದಲಿಸಿದ್ದು ಮುಖ್ಯವಾಗಿ ಒಂದು ಸಂಗತಿ: ವಿದ್ಯಾರ್ಥಿ ಕಳಿಸಿದ ಉತ್ತರ ತಿದ್ದುಪಡಿಯಾಗಿ ವಾಪಸು ಸೇರಲು ಹಿಡಿಯುತ್ತಿದ್ದ ಸಮಯ. ತಿದ್ದಿದ ಉತ್ತರ ಬೇಗ ವಾಪಸು ಸಿಕ್ಕವರಲ್ಲಿ ಕೋರ್ಸು ಮುಗಿಸಿದವರ ಪ್ರಮಾಣ ಎದ್ದು ಕಾಣುವಷ್ಟು ಹೆಚ್ಚಾಗಿತ್ತು. ಇಂಟರ್ನೆಟ್ ಇಲ್ಲದ ಕಾಲದಲ್ಲಿ, ಬರೀ ಅಂಚೆ ಚೀಲ ನಂಬಿಕೊಂಡು ಬಂದ ಫಲಿತಾಂಶ ಇದು. ನನ್ನ ಅನುಭವ ಅದಕ್ಕೆ ತಾಳೆಯಾಗುತ್ತದೆ. ಕೇಳಿದ ಪ್ರಶ್ನೆಗೆ ಎರಡು ದಿನದೊಳಗೆ ಉತ್ತರ ಸಿಕ್ಕರೆ ವಿದ್ಯಾರ್ಥಿ ಅದೇ ಪುಟದಲ್ಲಿ ಇರುತ್ತಾನೆ. ಎರಡು ವಾರವಾದರೆ ಪುಸ್ತಕ ಮುಚ್ಚಿರುತ್ತಾನೆ. ಎರಡು ತಿಂಗಳಾದರೆ ಅವನಿಗೆ ಪ್ರಶ್ನೆಯೇ ಮರೆತಿರುತ್ತದೆ, ಓದುವ ಆಸೆಯೂ.

ಈ ಅಳತೆಗೋಲು ಹಿಡಿದು ನಮ್ಮ ಸಾಧನಗಳ ಚರಿತ್ರೆ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಜ್ಞಾನದರ್ಶನ ಟಿವಿ ಬಂತು, ಜ್ಞಾನವಾಣಿ ಎಫ್‌ಎಂ ಬಂತು. ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಹಾರಿಸಲಾಯಿತು. ಅದರ ಮೊದಲ ಪ್ರಯೋಗಗಳಲ್ಲೊಂದು ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು. ಚಾಮರಾಜನಗರ ಜಿಲ್ಲೆಯ ನೂರಾರು ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಡಿಶ್ ಬಂತು. ಆ ಶಾಲೆಗಳ ಡಿಶ್‌ಗಳು ಪಾಠವನ್ನು ಇಳಿಸಿಕೊಳ್ಳಬಲ್ಲವಾಗಿದ್ದವು, ಮಗುವಿನ ಪ್ರಶ್ನೆಯನ್ನು ಮೇಲೆ ಕಳಿಸುವ ವ್ಯವಸ್ಥೆ ಅವಕ್ಕಿರಲಿಲ್ಲ. ರೇಡಿಯೊದಲ್ಲಿ ಫೋನ್ ಮಾಡಿ ಕೇಳುವ ಸಮಾಲೋಚನೆ ಇತ್ತು, ಅದರಲ್ಲಿ ಲೈನ್ ಸಿಕ್ಕವರು ಕೇಳಿದರು. ದೇಶದ ಇತರ ಕಡೆಯಂತೆ ಇಲ್ಲೂ ತಂತ್ರಜ್ಞಾನ ಬಂದಾಗಲೆಲ್ಲ ನಾವು ಮೊದಲು ಯೋಚಿಸಿದ್ದು ಪಾಠ ತಲುಪಿಸುವ ಬಗೆಯನ್ನು. ಪ್ರಶ್ನೆ ತಲುಪುವ ಬಗೆಯನ್ನು ಯೋಚಿಸಿದ್ದು ಕಡಿಮೆ.

2017ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆಯ ವಿನ್ಯಾಸದಲ್ಲಿ ಇದು ಸ್ವಲ್ಪ ಸರಿಯಾಯಿತು. ಅದರ ಕೋರ್ಸಿಗೆ ನಾಲ್ಕು ಭಾಗ: ವಿಡಿಯೊ, ಓದಲು ಪಠ್ಯ, ತಾನೇ ಉತ್ತರಿಸಿ ನೋಡುವ ಪ್ರಶ್ನೆಗಳು, ನಾಲ್ಕನೆಯದು ಚರ್ಚಾ ವೇದಿಕೆ. ಕಾಗದದ ಮೇಲೆ ನಾಲ್ಕೂ ಸಮ. ಆದರೆ ಮೊದಲ ಮೂರನ್ನು ಒಮ್ಮೆ ತಯಾರಿಸಿಟ್ಟರೆ ವರ್ಷಗಟ್ಟಲೆ ನಡೆಯುತ್ತವೆ. ನಾಲ್ಕನೆಯದಕ್ಕೆ ದಿನಾ ಒಬ್ಬ ಮನುಷ್ಯ ಬೇಕು.

ಕೋವಿಡ್ ಬಂದಾಗ ಎಲ್ಲರೂ ಒಮ್ಮೆಲೇ ದೂರಶಿಕ್ಷಣದ ವಿದ್ಯಾರ್ಥಿಗಳಾದೆವು. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ, ಮನೆಯಲ್ಲಿ ನೆಟ್‌ವರ್ಕ್ ಸಿಗದೆ, ರಸ್ತೆ ಬದಿಯಲ್ಲಿ ಮಗಳು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ, ನೆನೆಯದಂತೆ ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಆ ಚಿತ್ರವನ್ನು ಬಹಳ ಮಂದಿ ನೋಡಿದ್ದೀರಿ. ಅದನ್ನು ಅಪ್ಪನ ಪ್ರೀತಿಯ ಚಿತ್ರವಾಗಿ ನಾವು ಹಂಚಿಕೊಂಡೆವು. ಪ್ರೀತಿ ಅದರಲ್ಲಿ ಇತ್ತು, ನಿಜ. ಆದರೆ ನನ್ನನ್ನು ಕಾಡಿದ್ದು ಬೇರೆ. ಆ ಹುಡುಗಿ ಅಷ್ಟು ಹೊತ್ತಿಗೆ, ಅದೇ ಮಳೆಯಲ್ಲಿ, ರಸ್ತೆಗೆ ಬರಬೇಕಾದದ್ದು ಏಕೆ? ಪಾಠ ಅದೇ ಗಳಿಗೆಯಲ್ಲಿ ನೇರಪ್ರಸಾರವಾಗುತ್ತಿದ್ದುದರಿಂದ. ಅದೇ ಪಾಠ ಧ್ವನಿಯ ಕಡತವಾಗಿ ಬಂದಿದ್ದರೆ ಅಪ್ಪ ಪೇಟೆಗೆ ಹೋದಾಗ ಇಳಿಸಿಕೊಂಡು ಬರಬಹುದಿತ್ತು, ಮಗಳು ಒಲೆಯ ಪಕ್ಕ ಕೂತು ಎರಡು ಸಲ ಕೇಳಬಹುದಿತ್ತು.

ಆನ್‌ಲೈನ್ ಸಾಧನಗಳ ಬಗ್ಗೆ ಮಾತಾಡುವಾಗ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇದೇ: ಎರಡೂ ಕಡೆಯವರು ಒಂದೇ ಹೊತ್ತಿಗೆ ಇರಬೇಕಾದ ಸಾಧನ, ಮತ್ತು ಅವರವರ ಬಿಡುವಿನಲ್ಲಿ ತೆರೆದು ನೋಡಬಹುದಾದ ಸಾಧನ. ಝೂಮ್, ಗೂಗಲ್ ಮೀಟ್ ಮೊದಲನೆಯ ಜಾತಿ. ವಾಟ್ಸ್ಯಾಪ್ ಧ್ವನಿ ಸಂದೇಶ, ಇಮೇಲ್, ಎಸ್‌ಎಂಎಸ್, ಯೂಟ್ಯೂಬ್‌ಗೆ ಹಾಕಿಟ್ಟ ಪಾಠ ಎರಡನೆಯವು. ತೆರಪಿನಲ್ಲಿ ಓದುವವರಿಗೆ ಎರಡನೆಯದೇ ಹೆಚ್ಚು ಒಗ್ಗುತ್ತದೆ ಎನ್ನುವುದು ಹೆಸರಿನಲ್ಲೇ ಇದೆ. ಆದರೂ ಸಂಸ್ಥೆಗಳಿಗೆ ಮೊದಲನೆಯದರ ಮೇಲೆ ಮೋಹ, ಏಕೆಂದರೆ ಅದು ತರಗತಿಯಂತೆ ಕಾಣುತ್ತದೆ. ಹಾಜರಿ ತೆಗೆಯಬಹುದು, ಪರದೆಯ ಫೋಟೊ ಹಿಡಿದು ವರದಿಗೆ ಅಂಟಿಸಬಹುದು. ಕಾನ್‌ಸ್ಟೆಬಲ್ ಒಬ್ಬರು ಬಂದೋಬಸ್ತ್ ಡ್ಯೂಟಿಯಲ್ಲಿ ನಿಂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತರಗತಿಗೆ ‘ಹಾಜರಾಗಿದ್ದನ್ನು’ ನಾನು ಕಂಡಿದ್ದೇನೆ. ಅವರಿಗೆ ಆ ಗಂಟೆಯಲ್ಲಿ ಏನು ಸಿಕ್ಕಿತೋ ಅವರನ್ನೇ ಕೇಳಬೇಕು.

ಡೇಟಾದ ಲೆಕ್ಕವೂ ಇದೆ. ಒಂದು ಗಂಟೆಯ ವಿಡಿಯೊ ತರಗತಿಗೆ ಕೆಲವು ನೂರು ಎಂಬಿ ಬೇಕು. ಕ್ಯಾಮೆರಾ ಎಲ್ಲ ಮುಚ್ಚಿ ಧ್ವನಿ ಮಾತ್ರ ಬಿಟ್ಟರೆ ಮೂವತ್ತು ನಲವತ್ತು ಎಂಬಿಯಲ್ಲಿ ಮುಗಿಯುತ್ತದೆ. ಐದು ನಿಮಿಷದ ಧ್ವನಿ ಸಂದೇಶಕ್ಕೆ ಒಂದು ಎಂಬಿ ಆಸುಪಾಸು ಸಾಕು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕನ್ನು ಮನೆಯ ನಾಲ್ಕು ಜನ ಹಂಚಿಕೊಳ್ಳುವ ಕಡೆ ಈ ಅಂತರ ಸಣ್ಣದಲ್ಲ. ನೇರ ತರಗತಿ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ತಿಂಗಳಿಗೊಂದೆರಡು ಸಲ ಮುಖ ನೋಡಿ ಮಾತಾಡುವುದರಿಂದ ಗುಂಪಿಗೆ ಜೀವ ಬರುತ್ತದೆ. ಆದರೆ ಅದನ್ನು ಪಾಠ ಒಪ್ಪಿಸಲು ಬಳಸಬಾರದು, ಮೊದಲೇ ಕಳಿಸಿದ ಪಾಠದ ಮೇಲಿನ ಪ್ರಶ್ನೆಗಳಿಗೆ ಮೀಸಲಿಡಬೇಕು.

ಒಳ್ಳೆಯದಾಗಿ ನಡೆದ ಒಂದು ಪ್ರಸಂಗ ಹೇಳುತ್ತೇನೆ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಸಾರಿಗೆ ಬಸ್ಸುಗಳ ಟಿಕೆಟ್ ದರ ಶೇ 15ರಷ್ಟು ಏರಿತು. ಬೇಡಿಕೆಯ ಸ್ಥಿತಿಸ್ಥಾಪಕತ್ವದ ಪಾಠ ನಡೆಯುತ್ತಿದ್ದ ದಿನಗಳವು. ಬೆಲೆ ಬದಲಾದಾಗ ಜನ ಕೊಳ್ಳುವ ಪ್ರಮಾಣ ಎಷ್ಟು ಬಾಗುತ್ತದೆ ಎಂಬುದೇ ಆ ಪಾಠ. ಪದ ನೋಡಿಯೇ ವಿದ್ಯಾರ್ಥಿಗಳು ಹೆದರುತ್ತಾರೆ. ಧರ್ಮಸ್ಥಳ ರೂಟಿನ ರಾತ್ರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ನನ್ನ ವಿದ್ಯಾರ್ಥಿಯೊಬ್ಬರಿಂದ ನಸುಕಿನಲ್ಲಿ ಒಂದು ಧ್ವನಿ ಸಂದೇಶ ಬಂತು. ಹಿಂದೆ ಬಸ್ ನಿಲ್ದಾಣದ ಗದ್ದಲ. ‘ಸರ್, ಒಂದು ಡೌಟು. ರೇಟು ಜಾಸ್ತಿ ಆಯ್ತು, ನನ್ನ ಬಸ್ಸಲ್ಲಿ ಟಿಕೆಟ್ ತಗೊಳ್ಳೋ ಗಂಡಸರು ಕಮ್ಮಿ ಆಗ್ಲಿಲ್ಲ. ಹಂಗಾದ್ರೆ ಬಸ್ಸಿನ ಬೇಡಿಕೆ ಸ್ಥಿತಿಸ್ಥಾಪಕ ಅಲ್ಲ ಅಂತ ಬರೀಬೋದಾ?’

ನಾನು ತಕ್ಷಣ ಉತ್ತರ ಕೊಡಲಿಲ್ಲ. ಅದನ್ನು ಇಪ್ಪತ್ತೈದು ಜನರ ನಮ್ಮ ಚಿಕ್ಕ ಗುಂಪಿಗೆ ಹಾಕಿ, ಯಾರಿಗೆ ಏನನ್ನಿಸುತ್ತದೆ ಎಂದು ಕೇಳಿದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಗಾರ್ಮೆಂಟ್ಸ್‌ನ ಹೆಣ್ಣುಮಗಳೊಬ್ಬಳು ಉತ್ತರಿಸಿದಳು: ‘ಅಣ್ಣ, ನಮಗೆ ಶಕ್ತಿ ಯೋಜನೆ ಬಂದ್ಮೇಲೆ ಟಿಕೆಟ್ ಸೊನ್ನೆ. ಮುಂಚೆ ಯುಗಾದಿಗೆ ಒಂದ್ಸಲ ತವರಿಗೆ ಹೋಗ್ತಿದ್ದೆ, ಈಗ ತಿಂಗಳಿಗೊಂದ್ಸಲ. ನಂದು ಬಾಗ್ತದಲ್ಲ?’ ಸಂಜೆ ಅಂಗನವಾಡಿಯವರೊಬ್ಬರು ಸೇರಿಸಿದರು: ಕೆಲಸಕ್ಕೆ ಹೋಗುವವರಿಗೆ ಬಸ್ ಬಿಟ್ಟರೆ ದಾರಿಯಿಲ್ಲ, ತವರಿಗೆ ಹೋಗುವವರು ಬೇಕಾದರೆ ಮುಂದೂಡಬಹುದು, ಅದಕ್ಕೇ ಇಬ್ಬರದೂ ಬೇರೆಬೇರೆ ಇರಬೇಕು. ಅನಿವಾರ್ಯವೋ ಅಲ್ಲವೋ, ಬದಲಿ ದಾರಿ ಇದೆಯೋ ಇಲ್ಲವೋ. ಪಠ್ಯಪುಸ್ತಕ ಎರಡು ಪುಟಗಳಲ್ಲಿ ಪಟ್ಟಿ ಮಾಡುವ ಅಂಶಗಳನ್ನು ಮೂರು ಜನ ಒಂದು ಹಗಲಿನಲ್ಲಿ, ಒಬ್ಬರನ್ನೊಬ್ಬರು ನೋಡದೆ ಹೊರತೆಗೆದಿದ್ದರು. ರಾತ್ರಿ ನಾನು ನಾಲ್ಕು ನಿಮಿಷ ಮಾತಾಡಿ ಅದಕ್ಕೆ ಪರೀಕ್ಷೆಯ ಭಾಷೆ ತೊಡಿಸಿದೆ. ಒಬ್ಬ ಕಂಡಕ್ಟರರ ಒಂದು ಬಸ್ಸಿನ ಲೆಕ್ಕದಿಂದ ಇಡೀ ರಾಜ್ಯದ ಬೇಡಿಕೆಯನ್ನು ತೀರ್ಮಾನಿಸಲಾಗದು ಎಂಬ ಎಚ್ಚರಿಕೆಯನ್ನೂ ಸೇರಿಸಿದೆ.

ಇಲ್ಲಿ ಕೆಲಸ ಮಾಡಿದ್ದು ವಾಟ್ಸ್ಯಾಪ್ ಎಂದರೆ ಅರ್ಧ ಸತ್ಯ. ಗುಂಪು ಚಿಕ್ಕದಿತ್ತು, ಒಬ್ಬರಿಗೊಬ್ಬರು ಪರಿಚಯವಿತ್ತು, ಬರೆಯುವ ಬದಲು ಮಾತಾಡಬಹುದಿತ್ತು, ಒಂದೇ ಹೊತ್ತಿಗೆ ಎಲ್ಲರೂ ಇರಬೇಕಿರಲಿಲ್ಲ. ಇವುಗಳಲ್ಲಿ ಒಂದು ತಪ್ಪಿದ್ದರೂ ಆ ಚರ್ಚೆ ಹುಟ್ಟುತ್ತಿರಲಿಲ್ಲ.

ಸಾಮಾನ್ಯವಾಗಿ ಕಾಣುವುದು ಇದರ ತದ್ವಿರುದ್ಧ. ಒಂದು ವಾಟ್ಸ್ಯಾಪ್ ಗುಂಪಿಗೆ 1024 ಜನರನ್ನು ಸೇರಿಸಬಹುದು, ಹಾಗಾಗಿ ಸೇರಿಸುತ್ತಾರೆ. ನಾಲ್ಕು ದಿನ ಗುಡ್ ಮಾರ್ನಿಂಗ್, ದೇವರ ಚಿತ್ರ, ‘ಹಾಲ್ ಟಿಕೆಟ್ ಯಾವಾಗ’ ಎಂಬ ಒಂದೇ ಪ್ರಶ್ನೆ ನೂರು ಸಲ. ಐದನೆಯ ದಿನ ಅಡ್ಮಿನ್ ಬೇಸತ್ತು, ತಾನು ಮಾತ್ರ ಬರೆಯುವಂತೆ ಬೀಗ ಹಾಕುತ್ತಾರೆ. ಅಲ್ಲಿಗೆ ಅದು ಕಚೇರಿಯ ನೋಟಿಸ್ ಬೋರ್ಡ್ ಆಗುತ್ತದೆ. ನೋಟಿಸ್ ಬೋರ್ಡ್ ಕೂಡ ಬೇಕು. ಶುಲ್ಕದ ಕೊನೆಯ ದಿನಾಂಕ ಒಂದೇ ಸಲ ಎಲ್ಲರಿಗೂ ತಲುಪಬೇಕು. ಆದರೆ ಅದೊಂದೇ ಇದ್ದರೆ ಪ್ರಶ್ನೆ ಇರುವವರು ಎಲ್ಲಿಗೆ ಹೋಗಬೇಕು? ಅವರು ಹೊರಗೆ ಇನ್ನೊಂದು ಗುಂಪು ಕಟ್ಟಿಕೊಳ್ಳುತ್ತಾರೆ. ಆ ಗುಂಪಿಗೆ ಅಸೈನ್‌ಮೆಂಟ್ ಬರೆದುಕೊಡುವವರು, ‘ಪಾಸ್ ಮಾಡಿಸಿಕೊಡ್ತೀವಿ’ ಎನ್ನುವ ಮಧ್ಯವರ್ತಿಗಳು ಬಹಳ ಬೇಗ ಬರುತ್ತಾರೆ. ಅಧಿಕೃತ ಬಾಯಿ ಮುಚ್ಚಿದ ಕಡೆ ಗಾಳಿಸುದ್ದಿಗೆ ನಾಲಗೆ ಉದ್ದ.

ಸಾವಿರ ಜನರ ಗುಂಪಿನಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ಗಂಡಸರಾದ ನಾವು ಬೇಗ ಗಮನಿಸುವುದಿಲ್ಲ. ಸಾಮಾನ್ಯ ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ರಾತ್ರಿ ಹತ್ತಕ್ಕೆ ಅಪರಿಚಿತನೊಬ್ಬ ‘ಹಾಯ್’ ಎಂದು ಕಳಿಸಿದ ಮೇಲೆ ಗುಂಪು ಬಿಟ್ಟ ವಿದ್ಯಾರ್ಥಿನಿಯರು ನನಗೆ ಗೊತ್ತು. ಒಬ್ಬಳ ಮನೆಯಲ್ಲಿ ಗಂಡ ಆ ಸಂದೇಶ ನೋಡಿ ಅವಳ ಓದನ್ನೇ ನಿಲ್ಲಿಸಿದ. ಅಡ್ಮಿನ್‌ಗೆ ಮಾತ್ರ ನಂಬರ್ ಕಾಣುವ ವಾಟ್ಸ್ಯಾಪ್ ಕಮ್ಯುನಿಟಿಯ ಪ್ರಕಟಣಾ ಗುಂಪು, ನಂಬರ್ ಮರೆಮಾಡಬಹುದಾದ ಟೆಲಿಗ್ರಾಂ, ಇಂಥ ದಾರಿಗಳು ಈಗ ಇವೆ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾನೂನೇ ಬಂದಿದೆ. ವಿದ್ಯಾರ್ಥಿನಿಯ ನಂಬರನ್ನು ಸಾವಿರ ಜನರ ಮುಂದಿಡುವ ಮುನ್ನ ಅವಳನ್ನು ಕೇಳಬೇಕು ಎಂಬುದಕ್ಕೆ ಕಾನೂನು ಬೇಕಾಗಿರಲಿಲ್ಲ.

ಫೋನ್ ಯಾರದು ಎಂಬುದೂ ಕೇಳಬೇಕಾದ ಪ್ರಶ್ನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಇದ್ದವರು ಸುಮಾರು 62. ಇಂಟರ್ನೆಟ್ಟನ್ನು ಒಮ್ಮೆಯಾದರೂ ಬಳಸಿದ್ದವರು 35 ಮಂದಿ. ಗಂಡಸರಲ್ಲಿ ಈ ಸಂಖ್ಯೆ 62. ಆಮೇಲೆ ಪರಿಸ್ಥಿತಿ ಸುಧಾರಿಸಿದೆ, ಆದರೆ ‘ನನ್ನ ನಂಬರ್’ ಎಂದು ಅರ್ಜಿಯಲ್ಲಿ ಬರೆದುಕೊಟ್ಟದ್ದು ಅಣ್ಣನದೋ ಗಂಡನದೋ ಆಗಿರುವುದು ಇಂದಿಗೂ ಅಪರೂಪವಲ್ಲ. ಅಂಥವಳಿಗೆ ನಾವು ಬೆಳಗ್ಗೆ ಕಳಿಸಿದ ಸಂದೇಶ ಅವನು ಕೆಲಸದಿಂದ ಮನೆಗೆ ಬಂದ ಮೇಲೆ, ಅವನು ತೋರಿಸಿದರೆ, ತಲುಪುತ್ತದೆ. ಪ್ರವೇಶದ ದಿನವೇ ಕೇಳಿಕೊಳ್ಳಬೇಕಾದದ್ದು ಮೂರೇ ಮಾತು: ಈ ಫೋನ್ ಯಾರ ಕೈಯಲ್ಲಿ ಇರುತ್ತದೆ, ನೀವು ಯಾವ ಹೊತ್ತಿಗೆ ಬಿಡುವಾಗಿರುತ್ತೀರಿ, ಬರೆದದ್ದು ಬೇಕೋ ಕೇಳುವುದು ಬೇಕೋ. ಕೋವಿಡ್ ಕಾಲದಲ್ಲಿ ವಿದ್ಯಾಗಮ ಯೋಜನೆ ಶಾಲಾ ಮಕ್ಕಳನ್ನು ಮನೆಯಲ್ಲಿರುವ ಫೋನು, ಇಂಟರ್ನೆಟ್ಟಿಗೆ ತಕ್ಕಂತೆ ಗುಂಪು ಮಾಡಿ ಬೇರೆಬೇರೆ ರೀತಿಯಲ್ಲಿ ತಲುಪಲು ಹೊರಟಿತ್ತು. ಆ ಯೋಜನೆಯ ಉಳಿದ ಏಳುಬೀಳು ಏನೇ ಇರಲಿ, ಮೊದಲು ಮನೆ ನೋಡಿ ಆಮೇಲೆ ಸಾಧನ ಆರಿಸುವ ಆ ಕ್ರಮ ಸರಿಯಾದದ್ದು. ನಾವು ಪದವಿ ಮಟ್ಟದಲ್ಲಿ ಅದನ್ನು ಕಲಿಯಲಿಲ್ಲ.

ಕನ್ನಡದ ತೊಡಕುಗಳು ಬೇರೆಯೇ ಇವೆ. ಇಂಗ್ಲಿಷಿನ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಸುತ್ತದೆ, ಕನ್ನಡದಲ್ಲಿ 70. ಅದರಲ್ಲೂ ಒತ್ತಕ್ಷರ, ಕೊಂಬು, ದೀರ್ಘಗಳೆಲ್ಲ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ಸ್ಥಿತಿಸ್ಥಾಪಕತ್ವ’ ಎಂಬ ಒಂದೇ ಪದ ಎಷ್ಟು ಜಾಗ ನುಂಗೀತು, ಊಹಿಸಿ. ಹಾಗಾಗಿ ಕಚೇರಿಯ ಎಸ್‌ಎಂಎಸ್‌ಗಳು ಇಂಗ್ಲಿಷಿನಲ್ಲೇ ಬರುತ್ತವೆ, ಕನ್ನಡ ಮಾಧ್ಯಮದವರು ಅದನ್ನು ಓದಿಸಿಕೊಳ್ಳಲು ಪಕ್ಕದ ಮನೆಯ ಹುಡುಗನನ್ನು ಹುಡುಕುತ್ತಾರೆ. ಎರಡು ಸಂದೇಶದ ಖರ್ಚಾದರೂ ಕನ್ನಡದಲ್ಲೇ ಕಳಿಸಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಫೋನಿನಲ್ಲಿ ಕನ್ನಡ ಟೈಪ್ ಮಾಡುವುದು ಬಹಳ ಜನಕ್ಕೆ ಇನ್ನೂ ಕೈಗೆ ಹತ್ತಿಲ್ಲ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಾರೆ. ಅದರಲ್ಲಿ ಹಾಲು ಬೇಡುವ ಮಾತು ಬರೆಯಬಹುದು, ಅರ್ಥಶಾಸ್ತ್ರದ ಸಂದೇಹ ಬರೆಯಲಾಗದು. ಧ್ವನಿ ಸಂದೇಶ ಇವರ ಬಾಯಿ ಬಿಡಿಸಿದ್ದು ಈ ಕಾರಣಕ್ಕೆ. ತಪ್ಪು ಬರೆದರೆ ನಗುತ್ತಾರೇನೋ ಎಂಬ ಅಂಜಿಕೆಯೂ ಅದರಲ್ಲಿ ಇರುವುದಿಲ್ಲ.

ಇನ್ನು ಅಂಧ ವಿದ್ಯಾರ್ಥಿಗಳು. ಮನೆಯಲ್ಲೇ ಕೂತು ಓದಬಹುದು ಎಂದು ದೂರಶಿಕ್ಷಣಕ್ಕೆ ಬರುವ ಇವರಿಗೆ ನಾವು ಮಾಡುತ್ತಿರುವ ಅನ್ಯಾಯ ಹೇಳಿಕೊಳ್ಳಲು ಸಂಕಟವಾಗುತ್ತದೆ. ಫೋನಿನ ಓದುವ ತಂತ್ರಾಂಶ ಈಗ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳಬಲ್ಲದು, ಪಠ್ಯ ಯೂನಿಕೋಡ್ ಎಂಬ, ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿದ್ದರೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಸಿದ್ಧಪಾಠಗಳು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದನ್ನು ಪಿಡಿಎಫ್ ಮಾಡಿ ಗುಂಪಿಗೆ ಹಾಕಿದರೆ ಅಂಧ ವಿದ್ಯಾರ್ಥಿಯ ಫೋನ್ ಗೊಣಗುತ್ತದೆ, ಅಷ್ಟೆ. ಸುತ್ತೋಲೆಯ ಫೋಟೊ ಹಿಡಿದು ಕಳಿಸುವುದೂ ಹೀಗೆಯೇ. ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬೇಕಿರುವುದು ಒಂದು ಸಲ ಕೂತು ಮಾಡಿ, ತಪ್ಪು ತಿದ್ದುವ ತಾಳ್ಮೆ. ಧ್ವನಿ ಸಂದೇಶವನ್ನು ಇಷ್ಟು ಹೊಗಳಿದ ನಾನು ಇದನ್ನೂ ಹೇಳಬೇಕು: ಕಿವಿ ಕೇಳದವರಿಗೆ ಅದು ಮುಚ್ಚಿದ ಬಾಗಿಲು, ಅವರಿಗಾಗಿ ಸಾರಾಂಶವನ್ನು ಬರೆದೂ ಹಾಕಬೇಕು.

ಅಸೈನ್‌ಮೆಂಟ್ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಗಳ ಪ್ರಕಾರ ದೂರಶಿಕ್ಷಣದಲ್ಲಿ ಆಂತರಿಕ ಮೌಲ್ಯಮಾಪನಕ್ಕೆ ಗರಿಷ್ಠ ಶೇ 30 ಅಂಕ. ವಿದ್ಯಾರ್ಥಿ ಮೇಷ್ಟರಿಗೆ ಬರೆಯುವ ಏಕೈಕ ಪತ್ರ ಅದು. ನಾವು ಅದರ ಮೇಲೆ ಒಂದು ಅಂಕ, ಒಂದು ಸಹಿ ಹಾಕಿ ಕಟ್ಟಿಡುತ್ತೇವೆ. ಬರೆದವರಿಗೆ ಅದು ಮತ್ತೆ ಕಾಣಿಸುವುದೇ ಇಲ್ಲ. ಮೌಲ್ಯಮಾಪನ ಮಾಡುವಾಗ ಒಂದು ಪುಟದ ಫೋಟೊ ತೆಗೆದು, ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದು, ಅವರಿಗೇ ಕಳಿಸುವುದನ್ನು ನಾನು ರೂಢಿಸಿಕೊಂಡಿದ್ದೇನೆ. ‘ಉದಾಹರಣೆ ಚೆನ್ನಾಗಿದೆ, ವ್ಯಾಖ್ಯೆ ಮೊದಲು ಬರೆಯಿರಿ’ ಎಂಬಷ್ಟೇ. ನಕಲು ಮಾಡಿ ಕೊಟ್ಟವರೂ ಮುಂದಿನ ಸಲ ಸ್ವಂತ ಬರೆಯಲು ಪ್ರಯತ್ನಿಸುತ್ತಾರೆ, ಯಾರೋ ಓದುತ್ತಾರೆ ಎಂದು ಗೊತ್ತಾದ ಮೇಲೆ.

ಇಷ್ಟೆಲ್ಲ ಮಾಡುವವರು ಯಾರು? ವಿಷಯದ ಗಂಟು ಇರುವುದು ಇಲ್ಲಿ. ಯುಜಿಸಿಯ ಇವೇ ನಿಯಮಗಳು ಆನ್‌ಲೈನ್ ಕೋರ್ಸುಗಳಿಗೆ 250 ವಿದ್ಯಾರ್ಥಿಗಳ ತಂಡಕ್ಕೆ ಒಬ್ಬ ಮಾರ್ಗದರ್ಶಕ ಇರಬೇಕು ಎನ್ನುತ್ತವೆ. ವಾರಕ್ಕೆ ತಲಾ ಒಂದೇ ಪ್ರಶ್ನೆ, ಪ್ರತಿ ಉತ್ತರಕ್ಕೆ ಐದೇ ನಿಮಿಷ ಎಂದು ಇಟ್ಟುಕೊಂಡರೂ 1,250 ನಿಮಿಷ, ಅಂದರೆ ಸುಮಾರು 21 ಗಂಟೆ. ವಾರದ ಅರ್ಧ ಕೆಲಸ ಅದೇ ಆಯಿತು. ನನ್ನಂಥವರಿಗೆ ಸಂಭಾವನೆ ಇರುವುದು ಸಂಪರ್ಕ ತರಗತಿಯ ಗಂಟೆಗಳಿಗೆ. ರಾತ್ರಿ ಕೊಡುವ ಉತ್ತರಕ್ಕೆ ಲೆಕ್ಕದ ಶೀರ್ಷಿಕೆಯೇ ಇಲ್ಲ. ಕೊಡುವವರು ಪ್ರೀತಿಯಿಂದ ಕೊಡುತ್ತಾರೆ, ಕೆಲವು ವರ್ಷಗಳಲ್ಲಿ ಸೋಲುತ್ತಾರೆ. ಪ್ರೀತಿಯ ಮೇಲೆ ವ್ಯವಸ್ಥೆ ಕಟ್ಟಲಾಗದು. ಉತ್ತರಿಸುವ ಗಂಟೆಗಳನ್ನೂ ಪಾಠದ ಗಂಟೆಗಳೆಂದೇ ಎಣಿಸಿ ಹಣ ಕೊಡುವುದು ಮೊದಲ ಕೆಲಸ. ಜೊತೆಗೆ ಮೇಷ್ಟರಿಗೂ ಮಿತಿ ಬೇಕು. ನಾನು ಗುಂಪಿನಲ್ಲಿ ಮೊದಲ ದಿನವೇ ಹೇಳಿಬಿಡುತ್ತೇನೆ: ರಾತ್ರಿ ಎಂಟರಿಂದ ಒಂಬತ್ತು ನನ್ನ ಉತ್ತರದ ಹೊತ್ತು, ಎರಡು ದಿನದೊಳಗೆ ಉತ್ತರ ಖಂಡಿತ. ನೀವು ಯಾವಾಗ ಬೇಕಾದರೂ ಕೇಳಿ, ನಡುರಾತ್ರಿ ಬಂದ ಪ್ರಶ್ನೆ ಬೆಳಗ್ಗೆ ಅಲ್ಲೇ ಇರುತ್ತದೆ. ಈ ಖಾತರಿ ಸಿಕ್ಕ ಮೇಲೆ ಅವರ ಅವಸರವೂ ಇಳಿಯಿತು.

ಪರೀಕ್ಷೆ ದಿನಾಂಕ, ಶುಲ್ಕ, ಅರ್ಜಿಯಂಥ ಪ್ರಶ್ನೆಗಳಿಗೆ ಯಂತ್ರವೇ ಉತ್ತರಿಸಲಿ. ಅದರಿಂದ ಮನುಷ್ಯರ ಸಮಯ ಉಳಿಯುತ್ತದೆ. ಪಾಠದ ಸಂದೇಹಗಳನ್ನೂ ಈಗ ನನ್ನ ವಿದ್ಯಾರ್ಥಿಗಳು ಚಾಟ್‌ಜಿಪಿಟಿಯಂಥವನ್ನು ಕೇಳುತ್ತಾರೆ. ಅವರನ್ನು ದೂರಲಾರೆ, ಅದು ರಾತ್ರಿ ಹನ್ನೆರಡಕ್ಕೂ ಎದ್ದಿರುತ್ತದೆ. ಬಂದ ಉತ್ತರವನ್ನು ಪುಸ್ತಕದ ಜೊತೆ ಹೋಲಿಸಿ ಗುಂಪಿಗೆ ತನ್ನಿ ಎನ್ನುತ್ತೇನೆ, ತಪ್ಪು ಹುಡುಕುವುದೇ ಒಳ್ಳೆಯ ಪಾಠವಾಗುತ್ತದೆ. ಆದರೆ ಯಂತ್ರ ಉತ್ತರಿಸುವುದು ಕೇಳಿದವರಿಗೆ. ದೂರಶಿಕ್ಷಣದಲ್ಲಿ ನಾವು ಕಳೆದುಕೊಳ್ಳುವವರು ಕೇಳದವರು. ಅವರು ಜಗಳವಾಡಿ ಹೋಗುವುದಿಲ್ಲ, ಟಿಸಿ ಕೇಳುವುದಿಲ್ಲ. ಸುಮ್ಮನಾಗುತ್ತಾರೆ.

ಸುಮ್ಮನಾದವರನ್ನು ಹುಡುಕಲು ಈಗಿನ ಸಾಧನಗಳಲ್ಲಿ ಸಾಕಷ್ಟು ಸುಳಿವಿದೆ. ಯಾರು ಪಾಠ ತೆರೆದಿಲ್ಲ, ಯಾರ ಸಂದೇಶಕ್ಕೆ ಒಂದೇ ಟಿಕ್ ಬಿದ್ದಿದೆ, ಯಾರ ಮೊದಲ ಅಸೈನ್‌ಮೆಂಟ್ ಬಂದಿಲ್ಲ. ಪ್ರವೇಶದ ನಂತರದ ಮೊದಲ ಎರಡು ತಿಂಗಳಲ್ಲೇ ಇದು ಗೊತ್ತಾಗುತ್ತದೆ, ವರ್ಷದ ಕೊನೆಗೆ ಪರೀಕ್ಷಾ ಶುಲ್ಕ ಕಟ್ಟದವರ ಪಟ್ಟಿ ಬರುವ ತನಕ ಕಾಯಬೇಕಿಲ್ಲ. ಪಟ್ಟಿ ಸಿಕ್ಕ ಮೇಲೆ ಬೇಕಾಗುವ ಸಾಧನ ಎಲ್ಲಕ್ಕಿಂತ ಹಳೆಯದು, ಫೋನ್ ಕರೆ.

ಹೋದ ವರ್ಷ ಮೊದಲ ಅಸೈನ್‌ಮೆಂಟ್ ಕೊಡದವರಿಗೆಲ್ಲ ನಾನೂ ಇಬ್ಬರು ಹಳೆಯ ವಿದ್ಯಾರ್ಥಿಗಳೂ ಕೂತು ಫೋನ್ ಮಾಡಿದೆವು. ಒಬ್ಬರಿಗೆ ಪುಸ್ತಕವೇ ಬಂದಿರಲಿಲ್ಲ, ಬಂದೀತೆಂದು ಕಾಯುತ್ತಿದ್ದರು. ಒಬ್ಬರಿಗೆ ಹೆರಿಗೆಯಾಗಿತ್ತು. ಒಬ್ಬನ ಫೋನ್ ಒಡೆದು ಗುಂಪೇ ಕೈತಪ್ಪಿತ್ತು. ಹಳ್ಳಿಯೊಂದರಿಂದ ಮಾತಾಡಿದ ಹೆಣ್ಣುಮಗಳು, ಕೊನೆಯ ದಿನಾಂಕ ದಾಟಿದ್ದರಿಂದ ತನ್ನ ಅಡ್ಮಿಷನ್ನೇ ರದ್ದಾಗಿದೆ ಎಂದುಕೊಂಡು ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದ್ದಳು. ಹಾಗೇನೂ ಇಲ್ಲಮ್ಮ, ದಿನಾಂಕ ಮುಂದಕ್ಕೆ ಹೋಗಿದೆ ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, ‘ಸರ್, ಕೈಯಲ್ಲಿ ಬರೆದು ಫೋಟೊ ಕಳಿಸಿದರೆ ಒಮ್ಮೆ ನೋಡ್ತೀರಾ, ಆಮೇಲೆ ಪೋಸ್ಟಿಗೆ ಹಾಕ್ತೀನಿ’ ಎಂದು ಕೇಳಿದಳು. ಮೊದಲ ಪುಟದ ಫೋಟೊ ಮೂರನೆಯ ದಿನ ಬಂತು.